ಹೂವಿನ ಗದ್ದ ಎತ್ತಿದ ಪಾರಿಸಣ್ಣ

ಪಾರಿಸಣ್ಣ ಎಂಬ ಫೋಟೋಗ್ರಾಫರ್ ಇದ್ದ. ಅವನಂಥವನು ಹಿಂದೆ ಹುಟ್ಟಿರಲಿಲ್ಲ, ಮುಂದೆ ಹುಟ್ಟುವುದೂ ಇಲ್ಲ. ಸುಳ್ಳಲ್ಲ ಮಕ್ಕಳೇ, ಅವನ ಸ್ಟುಡಿಯೋ ಹೊಕ್ಕ ಎಮ್ಮೆ ಕೂಡ ಬೈತಲೆ ತೆಗೆದುಕೊಂಡು ಹೊರಗೆ ಬರುತ್ತಿತ್ತು! ಯಾರೇ ಬರಲಿ, ಮೊದಲು ಮುಖಕ್ಕೆ ಪೌಡರ್, ತಲೆಗೆ ಬಾಚಣಿಗೆ, ಹಿಂದೆ ನೀಲಿ ಪರದೆ. ಆಮೇಲೆ "ಗದ್ದ ಸ್ವಲ್ಪ ಮ್ಯಾಲೆ" ಅನ್ನುವನು. ಆ ಮಾತಿಗೆ ಗೋಡೆಯ ಹಲ್ಲಿಯೂ ಗದ್ದ ಎತ್ತುತ್ತಿತ್ತು. ಅದನ್ನು ಕಣ್ಣಾರೆ ಕಂಡವರಲ್ಲಿ ನಾನೊಬ್ಬನೇ ಉಳಿದಿದ್ದೇನೆ.

ಅವನ ಹೆಂಡತಿ ಪದ್ಮವ್ವ. ಹಿತ್ತಲಲ್ಲಿ ತಾನಾಗಿ ಹುಟ್ಟುವ ಗಿಡಗಳೆಂದರೆ ಅವಳಿಗೆ ಜೀವ. ಕಲ್ಲಿನ ಸಂದಿಯಲ್ಲಿ ಸಾಸಿವೆಕಾಳಿನಷ್ಟು ಹೂವು ಅರಳಿದರೂ ಕುಕ್ಕರುಗಾಲಲ್ಲಿ ಕೂತು ನೋಡುವಳು. "ಕಸಾ ನೋಡಾಕ ಕುಂತಾಳ" ಎಂದು ಪಾರಿಸಣ್ಣ ನಗುವನು.

ಒಂದು ವರ್ಷ ಪದ್ಮವ್ವ ಹಾಸಿಗೆ ಹಿಡಿದಳು. ಡಾಕ್ಟರು ಪಾರಿಸಣ್ಣನನ್ನು ಹೊರಗೆ ಕರೆದು, ಇನ್ನು ಹೆಚ್ಚು ದಿನ ಇಲ್ಲ ಎಂದರು. ಅವಳಿಗೂ ಗೊತ್ತಿತ್ತು.

"ರೀ, ಮಳಿ ಬಿದ್ದೈತಿ. ಗ್ವಾಡಿ ಬುಡಕ, ಹುಲ್ಲಿನಾಗ, ನೇರಳೆ ಬಣ್ಣದ್ದೊಂದು ಹೂ ಬರತೈತಿ. ಪ್ರತಿ ವರ್ಷಾ ನೋಡತಿದ್ದೆ. ಇನ್ನೊಮ್ಮೆ ನೋಡಬೇಕು. ಮೊಬೈಲಿನಾಗ ಫೋಟೋ ತಂದು ತೋರಿಸ್ರಿ."

"ಇಷ್ಟೇನ? ಆ ಹೂವಿನ ಮುತ್ಯಾನ ಫೋಟೋನೂ ತರತೀನಿ ತಡಿ!"

ಪಾರಿಸಣ್ಣ ಹಿತ್ತಲಿಗೆ ಹೋದ. ಹುಲ್ಲಿನ ನಡುವೆ ಎಲೆಯೇ ಇಲ್ಲದ ಒಂಟಿ ದಂಟು. ತುದಿಯಲ್ಲಿ ತಲೆ ಬಗ್ಗಿಸಿದ ಮೊಗ್ಗು. ನಾಳೆ ಅರಳುವ ಹಾಗಿತ್ತು. ಆದರೆ ಸುತ್ತಲಿನ ಹುಲ್ಲು ಅವನ ಕಣ್ಣಿಗೆ ಚುಚ್ಚಿತು. ಹಿಂದೆ ಗಲೀಜು ಇಟ್ಟುಕೊಂಡು ಒಂದು ಫೋಟೋ ತೆಗೆದವನಲ್ಲ ಅವನು. ಹೆಂಡತಿಗೆ ತೋರಿಸುವ ಫೋಟೋ ಹಾಗಿದ್ದೀತೆ? ಕುರ್ಪಿ ತಂದು ಹುಲ್ಲನ್ನೆಲ್ಲ ಬೇರು ಸಮೇತ ಕಿತ್ತ. ನೆಲ ಗುಡಿಸಿದ. ಗೋಡೆಗೆ ನೀಲಿ ಪರದೆ ಇಳಿಬಿಟ್ಟ. ದಂಟಿಗೊಂದು ಕಡ್ಡಿ ಕಟ್ಟಿ, "ಗದ್ದ ಸ್ವಲ್ಪ ಮ್ಯಾಲೆ" ಎಂದು ಮೊಗ್ಗಿನ ತಲೆ ಎತ್ತಿದ. ಅರಳಲಿ, ಬೆಳಿಗ್ಗೆ ತೆಗೆದರಾಯಿತು ಎಂದುಕೊಂಡ.

ಬೆಳಿಗ್ಗೆ ಮೊಗ್ಗು ಕಪ್ಪಾಗಿ ಕಡ್ಡಿಗೆ ಜೋತುಬಿದ್ದಿತ್ತು.

ಬರಿಗೈಯಲ್ಲಿ ಬಂದ ಗಂಡನನ್ನು ಪದ್ಮವ್ವ ನೋಡಿದಳು. "ಹುಲ್ಲು ಕಿತ್ತಿರೇನು?"

"ಹೂ ಎದ್ದು ಕಾಣಲಿ ಅಂತ…"

"ಅದಕ್ಕ ಎಲಿ ಇಲ್ರೀ. ಹುಲ್ಲಿನ ಬೇರಿಗೆ ಬಾಯಿ ಹಚ್ಚಿ ಬದುಕತೈತಿ ಅದು." ಗೋಡೆಯ ಮೇಲಿನ ಮದುವೆ ಫೋಟೋದತ್ತ ಕಣ್ಣು ಹೊರಳಿಸಿದಳು. "ನಮ್ಮ ಮದಿವಿ ಫೋಟೋದಾಗೂ ಹಿಂಗ ಮಾಡಿದ್ರಿ. ಸೀರಿ ಹಳೇದೈತಿ ಅಂತ ನಮ್ಮವ್ವನ್ನ ಬಾಜೂಕ ಸರಸಿದ್ರಿ. ಅಕೀದೊಂದು ಫೋಟೋ ಇಲ್ಲ ನನ್ನ ಹಂತೇಕ."

ಪಾರಿಸಣ್ಣ ಆಗಲೇ ಅಂಥದೇ ಇನ್ನೊಂದು ಹೂವು ಹುಡುಕಲು ಹೊರಟ. ರೈಲು ಹಳಿಯ ಬದಿ, ಕೆರೆ ಏರಿ, ಗುಡ್ಡದ ಓರೆ, ಎಲ್ಲ ಅಲೆದ. ಅವನು ತುಳಿದಲ್ಲೆಲ್ಲ ಹೊಸ ಕಾಲುದಾರಿ ಬಿತ್ತು. ಇವತ್ತಿಗೂ ದನಗಳು ಅದರಲ್ಲೇ ಓಡಾಡುತ್ತವೆ. ಹೂವು ಮಾತ್ರ ಸಿಗಲಿಲ್ಲ. ಆ ಮಳೆಗಾಲ ಮುಗಿಯುವುದರೊಳಗೆ ಪದ್ಮವ್ವ ತೀರಿಕೊಂಡಳು.

ಆಮೇಲೆ ಪಾರಿಸಣ್ಣ ಹಿತ್ತಲಲ್ಲಿ ಒಂದು ಕಡ್ಡಿಯನ್ನೂ ಕೀಳಲಿಲ್ಲ. ಯಾರನ್ನೂ ಕೀಳಗೊಡಲಿಲ್ಲ. ಹುಲ್ಲು ಮತ್ತೆ ಎದೆಯೆತ್ತರ ಬೆಳೆಯಿತು. ಒಂದು ಮಳೆಗಾಲ, ಗೋಡೆ ಬುಡದಲ್ಲಿ ಆ ನೇರಳೆ ಹೂವು ತಲೆ ಬಗ್ಗಿಸಿಕೊಂಡು ಅರಳಿತು. ಪಾರಿಸಣ್ಣ ಕೆಸರಲ್ಲೇ ಮಲಗಿ, ಹುಲ್ಲು, ಹುಳ, ಹರಿದ ಎಲೆ ಎಲ್ಲವೂ ಬರುವ ಹಾಗೆ ಫೋಟೋ ತೆಗೆದ. ಅವನ ಕೈಯಿಂದ ಅಂಥ ಫೋಟೋ ಎಂದೂ ಬಂದಿರಲಿಲ್ಲ.

"ಪದ್ಮಾ, ಸಿಕ್ಕಿತು ನೋಡ!" ಎನ್ನುತ್ತ ಒಳಗೆ ಓಡಿದ.

ಮಂಚದ ಹತ್ತಿರ ಹೋಗಿ, ಮೊಬೈಲು ಮುಂದೆ ಚಾಚಿದ ಮೇಲೇ ಅವನಿಗೆ ನೆನಪಾದದ್ದು.

ನೀತಿ: ಚಂದ ಕಾಣಲಿ ಎಂದು ಒಂದು ಜೀವದ ಸುತ್ತಲಿನದನ್ನು ಕಿತ್ತುಹಾಕಬೇಡಿ. ಅದು ಬದುಕಿರುವುದೇ ಅದರಿಂದ. ಪ್ರೀತಿಸುವುದನ್ನು ಇದ್ದ ಹಾಗೆಯೇ ನೋಡಿ, ತೋರಿಸಬೇಕಾದವರು ಇರುವಾಗಲೇ ತೋರಿಸಿ.