ಟಿಟ್ಟಿಭದ ಕಾಲು ಹಳದಿಯಾದದ್ದು

ಭೂಮಿ ಆಗಿನ್ನೂ ಹೊಸದು, ಪುಟ್ಟೀ. ಬೆಟ್ಟಗಳ ಮೈ ಇನ್ನೂ ಬೆಚ್ಚಗಿತ್ತು. ಯಾವ ಕಡೆ ಹರಿಯಬೇಕೆಂದು ಹೊಳೆಗಳು ಒಂದನ್ನೊಂದು ಕೇಳಿಕೊಳ್ಳುತ್ತಿದ್ದವು.

ಆ ಕಾಲದಲ್ಲಿ ಕಾಟವ್ವ ಅಂತ ಒಬ್ಬ ಅಜ್ಜಿ ಇದ್ದಳು. ಅವಳ ಮೊಮ್ಮಗಳು ಬೊಮ್ಮಿ. ಅವರಿಗೆ ಗಾಡಿಯೇ ಮನೆ. ನಾವು ಕೂತು ಬಂದಿರುವ ಈ ಮನೆಗಾಡಿಗೆ ಎಂಜಿನ್ ಇದೆ, ಮಂಚ ಇದೆ, ಗ್ಯಾಸ್ ಒಲೆಯೂ ಇದೆ. ಅವರ ಗಾಡಿಗೆ ಮೇಲೊಂದು ಈಚಲು ಚಾಪೆಯ ಕಮಾನು, ಒಳಗೊಂದು ಕೌದಿ, ಒಂದು ನೀರಿನ ಗಡಿಗೆ, ಅಷ್ಟೇ. ಎಳೆಯಲು ಎರಡು ಎತ್ತು. ಕೆಂಪಗಿದ್ದವನು ಕೆಂಚ, ಬೂದು ಬಣ್ಣದವನು ಬೂದ.

ಹೊಸ ಲೋಕದಲ್ಲಿ ಏನೇನಿದೆ ಎಂದು ನೋಡುತ್ತಾ ಹೋಗುವುದೇ ಅವರ ಕೆಲಸ.

“ಅಜ್ಜೀ, ಅಲ್ಲಿ ನೋಡು, ಮರಕ್ಕೆ ಎಲೆಯೇ ಇಲ್ಲ, ಬರೀ ಕೆಂಪು ಹೂವು!”

“ಅದು ಮುತ್ತುಗ ಕಣೇ.”

“ಅಲ್ಲಿ ನೋಡಜ್ಜೀ, ತಿರುಚಿದ ಕೊಂಬು!”

“ಕೃಷ್ಣಮೃಗ. ಮೆಲ್ಲಗೆ ಮಾತಾಡು, ಹೆದರುತ್ತದೆ.”

ಹೀಗೆ ನೋಡುತ್ತಾ ನೋಡುತ್ತಾ ಅವರು ದೊಡ್ಡ ಹುಲ್ಲುಬಯಲಿಗೆ ಬಂದರು. ಬೇಸಿಗೆ ಕಾಲ. ಆಳೆತ್ತರದ ಹುಲ್ಲು ಒಣಗಿ ಬಂಗಾರದ ಬಣ್ಣವಾಗಿತ್ತು.

ಆಗ ಗಾಳಿ ಇನ್ನೂ ಸಣ್ಣವನು. ಸುಮ್ಮನಿರಲು ಅವನಿಗೆ ಗೊತ್ತಿರಲಿಲ್ಲ. ಒಣಗಿದ ಎರಡು ಬಿದಿರನ್ನು ಹಿಡಿದು ಪಿಟೀಲು ಬಾರಿಸಿದಂತೆ ಉಜ್ಜಿದ. ಮೊದಲು ಸದ್ದು ಬಂತು. ಆಮೇಲೆ ಹೊಗೆ ಬಂತು. ಆಮೇಲೆ ಬೆಂಕಿಯೇ ಬಂತು.

“ಹಸಿವು!” ಎಂದಿತು ಬೆಂಕಿ. ಹುಲ್ಲಿಗೆ ಬಾಯಿ ಹಾಕಿತು.

ಗಾಳಿ ಹೆದರಿ ಓಡಿದ. ಅವನು ಓಡಿದ ಕಡೆಗೆಲ್ಲ ಬೆಂಕಿಯೂ ಓಡಿತು.

“ಕಾಟವ್ವಾ, ಗಾಡಿ ಹೊಡಿ!” ಎಂದು ಕೂಗಿದ ಗಾಳಿ. “ಆಟಕ್ಕೆ ಉಜ್ಜಿದೆ. ಈಗ ನನ್ನ ಮಾತೇ ಕೇಳುತ್ತಿಲ್ಲ ಇದು!”

ಕಾಟವ್ವ ಹಗ್ಗ ಸಡಿಲ ಬಿಟ್ಟಳು. ಕೆಂಚ ಓಡಿದ, ಬೂದ ಓಡಿದ, ಗಾಡಿ ಎಗರೆಗರಿ ಓಡಿತು. ಬೊಮ್ಮಿ ಕಮಾನಿನ ಬಿದಿರು ಹಿಡಿದು ಕಣ್ಣು ಮುಚ್ಚಿಕೊಂಡಳು.

ಇದ್ದಕ್ಕಿದ್ದಂತೆ ಹುಲ್ಲು ಮುಗಿದು, ಬಯಲಿಗೆ ಅಡ್ಡಲಾಗಿ ಉದ್ದಕ್ಕೂ ಬರೀ ಕಲ್ಲುಹರಳಿನ ನೆಲ ಬಂತು. ಅದರ ನಡುವೆ ಒಂದು ಹಕ್ಕಿ ರೆಕ್ಕೆ ಅಗಲಿಸಿ ನಿಂತಿತ್ತು. ಮಣ್ಣಿನ ಬಣ್ಣದ ಮೈ, ಮಣ್ಣಿನ ಬಣ್ಣದ ಕಾಲು. ಅದೇ ಟಿಟ್ಟಿಭ.

“ನಿಲ್ಲಿ! ನಿಲ್ಲಿ!” ಎಂದು ಕೂಗಿತು.

“ದಾರಿ ಬಿಡು, ತುಳಿದುಬಿಡ್ತೀವಿ!” ಎಂದ ಕೆಂಚ.

“ಬಿಡಲ್ಲ!”

ಎತ್ತಿನ ಗೊರಸಿಗೆ ಒಂದು ಮಾರು ದೂರದಲ್ಲಿ ಹಕ್ಕಿ. ಹಕ್ಕಿಯ ಹಿಂದೆ, ಹರಳಿನ ನಡುವೆ ಹರಳಿನಂತೆಯೇ ಕಾಣುವ ನಾಲ್ಕು ಮೊಟ್ಟೆ. ಕಾಟವ್ವ ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ ಹಗ್ಗ ಎಳೆದಳು. ಗಾಡಿ ಕಿರ್ರೆಂದು ನಿಂತಿತು.

“ಎಂಥ ಹುಚ್ಚೇ ನಿನಗೆ?” ಎಂದಳು ಕಾಟವ್ವ. “ಬೆಂಕಿ ಬರುತ್ತಿದೆ. ನೀನೇಕೆ ಹಾರಿಹೋಗಿಲ್ಲ?”

“ನನಗೆ ರೆಕ್ಕೆ ಇದೆಯಮ್ಮಾ. ನನ್ನ ಮೊಟ್ಟೆಗಳಿಗೆ ಕಾಲೂ ಇಲ್ಲ.”

ಕಾಟವ್ವ ಗಾಡಿಯಿಂದ ಬಾಗಿ ಮೊಟ್ಟೆಗಳನ್ನು ನೋಡಿದಳು.

“ನೀವೂ ಹೋಗಬೇಡಿ,” ಎಂದಿತು ಟಿಟ್ಟಿಭ. “ಮುಂದೆ ಇನ್ನೂ ಎತ್ತರದ ಹುಲ್ಲಿದೆ. ಬೆಂಕಿಗಿಂತ ಜೋರಾಗಿ ಈ ಗಾಡಿ ಓಡುತ್ತದಾ? ಇಲ್ಲಿ ನೋಡಿ, ಒಂದು ಕಡ್ಡಿ ಹುಲ್ಲಾದರೂ ಇದೆಯಾ? ಬೆಂಕಿ ಬಂದು ಏನು ತಿನ್ನಬೇಕು?”

ಕಾಟವ್ವ ಹಿಂದೆ ನೋಡಿದಳು. ಆಕಾಶ ಕಪ್ಪಾಗಿತ್ತು. ಮುಂದೆ ನೋಡಿದಳು. ಹುಲ್ಲು ಅಲೆಅಲೆಯಾಗಿ ಕಣ್ಣು ಹೋದಷ್ಟು ದೂರ ಇತ್ತು. ಆಮೇಲೆ ಆ ಹಕ್ಕಿಯನ್ನು ನೋಡಿದಳು. ಅದು ರೆಕ್ಕೆ ಅಗಲಿಸಿಕೊಂಡೇ ಇತ್ತು, ಇದ್ದ ಜಾಗದಿಂದ ಕದಲಿರಲಿಲ್ಲ.

“ಇಳಿಯೇ ಬೊಮ್ಮಿ. ಇಲ್ಲೇ ಇರೋಣ,” ಎಂದಳು.

“ಹಾಗಾದರೆ ನನ್ನ ಮೊಟ್ಟೆ ನೋಡಿಕೊಳ್ಳುತ್ತೀಯಾ?” ಎಂದು ಟಿಟ್ಟಿಭ ಬೊಮ್ಮಿಯನ್ನು ಕೇಳಿತು. “ಹುಲ್ಲಿನೊಳಗೆ ಇನ್ನೂ ಎಷ್ಟೋ ಜನ ಇದ್ದಾರೆ. ಅವರಿಗೆ ಈ ಜಾಗ ಗೊತ್ತಿಲ್ಲ.”

ಬೊಮ್ಮಿ ಕೌದಿಗೆ ಗಡಿಗೆಯ ನೀರನ್ನೆಲ್ಲ ಸುರಿದಳು. ಒದ್ದೆ ಕೌದಿಯನ್ನು ಹೊದ್ದು, ಬೆಂಕಿಗೆ ಬೆನ್ನು ಕೊಟ್ಟು, ಮೊಟ್ಟೆಗಳ ಮೇಲೆ ಗುಡಾರದ ಹಾಗೆ ಬಾಗಿ ಕೂತಳು. ಕಾಟವ್ವ ಅವಳನ್ನು ತಬ್ಬಿ ಕೂತಳು.

ಟಿಟ್ಟಿಭ ಹೊಗೆಯೊಳಗೆ ನುಗ್ಗಿತು. “ಟಿಟ್ಟಿಟ್ಟೀ! ಟಿಟ್ಟಿಟ್ಟೀ! ಇತ್ತ ಬನ್ನಿ, ಇತ್ತ ಬನ್ನಿ!”

ಕೂಗು ಕೇಳಿ ಮೊಲ ಬಂತು. ಮುಂಗುಸಿ ಬಂತು. ಕೃಷ್ಣಮೃಗಗಳು ಜಿಗಿಜಿಗಿದು ಬಂದವು. ನರಿ ಮೊಲದ ಪಕ್ಕದಲ್ಲೇ ಕೂತು ಏದುಸಿರು ಬಿಟ್ಟಿತು. ಆಮೆಗೆ ಓಡಲು ಆಗಲಿಲ್ಲ. ಟಿಟ್ಟಿಭ ಅದರ ಮುಂದೆ ಮುಂದೆ, ಹಾರಿಬಿದ್ದ ಕಿಡಿಗಳ ಬಿಸಿಬೂದಿಯ ಮೇಲೆ ನಡೆಯುತ್ತಾ, “ಇನ್ನೇನು ಬಂತು, ಇನ್ನೇನು ಬಂತು” ಎನ್ನುತ್ತಾ ಕರೆತಂದಿತು.

ಆಗ ಬೆಂಕಿ ಕಲ್ಲುನೆಲದ ಅಂಚಿಗೆ ಬಂದು ನಿಂತಿತು. ನಾಲಿಗೆ ಚಾಚಿ ಈ ಕಡೆ ನೆಕ್ಕಿತು, ಆ ಕಡೆ ನೆಕ್ಕಿತು.

“ತಿನ್ನೋಕೆ ಏನೂ ಇಲ್ಲವಾ?” ಎಂದು ಅಬ್ಬರಿಸಿತು.

“ಕಲ್ಲಿದೆ. ಬೇಕಾದರೆ ತಿನ್ನು!” ಎಂದಿತು ಟಿಟ್ಟಿಭ.

ಬೆಂಕಿ ಬುಸುಗುಟ್ಟಿತು, ಕುಗ್ಗಿತು, ಕೊನೆಗೆ ಒಂದೆಳೆ ಹೊಗೆಯಾಗಿ ಆರಿಹೋಯಿತು. ಬಯಲಲ್ಲಿ ಎಂಥ ಗದ್ದಲವೆದ್ದಿತು ಅಂತೀಯ! ಕೆಂಚ ಗುಟುರು ಹಾಕಿದ. ಕೃಷ್ಣಮೃಗಗಳು ಆಕಾಶಕ್ಕೆ ನೆಗೆದವು. ಮೊಲ ನರಿಯ ಬೆನ್ನ ಮೇಲೆ ಹತ್ತಿ ಕುಣಿಯಿತು, ನರಿ ಏನೂ ಅನ್ನಲಿಲ್ಲ.

ಬೊಮ್ಮಿ ಕೌದಿ ಸರಿಸಿದಳು. ನಾಲ್ಕು ಮೊಟ್ಟೆಯೂ ಹಾಗೇ ಇದ್ದವು. ಅವು ಟಿಕ್ ಟಿಕ್ ಎಂದು ಬಿರಿದವು. ಹತ್ತಿಯುಂಡೆಯಂಥ ಮರಿಗಳು ಹೊರಬಂದು, ಮೈ ಒಣಗುವ ಮೊದಲೇ ಓಡಾಡತೊಡಗಿದವು.

ಅಮ್ಮ ಹಕ್ಕಿ ಮಾತ್ರ ಕುಂಟುತ್ತಿತ್ತು. ಹೊಗೆ ಕುಡಿದು ಅದರ ಕಣ್ಣಂಚು ಕೆಂಡದಂತೆ ಕೆಂಪಾಗಿತ್ತು. ಕಾಲು ಸುಟ್ಟಿತ್ತು. ಕಲ್ಲಿನ ಸಂದಿಯಲ್ಲಿ ಒಂದೇ ಒಂದು ಆವರಿಕೆ ಗಿಡ ಉಳಿದಿತ್ತು, ಮೈತುಂಬ ಹಳದಿ ಹೂ.

“ನನ್ನ ಹೂ ಅಷ್ಟನ್ನೂ ತಗೋ ಮಗಳೇ,” ಎಂದಿತು ಆವರಿಕೆ. “ಇವಳಿಗಲ್ಲದೆ ಇನ್ಯಾರಿಗೆ?”

ಬೊಮ್ಮಿ ಹೂವನ್ನು ಅಂಗೈಯಲ್ಲಿ ಅರೆದು ಹಕ್ಕಿಯ ಕಾಲಿಗೆ ಮೆತ್ತಿದಳು. ಉರಿ ಇಳಿಯಿತು, ಗಾಯ ಮಾಯಿತು, ಬಣ್ಣ ಮಾತ್ರ ಅಲ್ಲೇ ಉಳಿಯಿತು.

ಅದಕ್ಕೇ ಪುಟ್ಟೀ, ಇವತ್ತಿಗೂ ಟಿಟ್ಟಿಭ ಮರ ಬಿಟ್ಟು ಬಟಾಬಯಲಿನ ಹರಳುನೆಲದಲ್ಲೇ ಮೊಟ್ಟೆಯಿಡುತ್ತದೆ, ಅದರ ಕಣ್ಣಂಚಿನಲ್ಲಿ ಆ ಕೆಂಪು ಇನ್ನೂ ಇದೆ, ಮತ್ತು ಹತ್ತಿರ ಯಾರೇ ಹೋಗಲಿ, ಹಳದಿ ಕಾಲನ್ನು ಇಳಿಬಿಟ್ಟು ತಲೆಯ ಮೇಲೆಯೇ ಹಾರುತ್ತಾ ಬಯಲೆಲ್ಲ ಕೇಳುವ ಹಾಗೆ ಕೂಗುತ್ತದೆ.