ಮೊಂಡು ಪಂಚಿನ ಪ್ರಸಾದ

ಹೊನ್ನಕಟ್ಟಿಯ ಮಠವೆಂದರೆ ಮಹಾದ್ವಾರ, ಬೆಳ್ಳಿಯ ಪೀಠ ಎಂದೆಲ್ಲ ಊಹಿಸಿಕೊಂಡು ಬಂದವರಿಗೆ ಮೊದಲ ನೋಟಕ್ಕೆ ನಿರಾಸೆಯೇ ಆಗುತ್ತಿತ್ತು. ಮಣ್ಣಿನ ಗೋಡೆಯ ಮೂರಂಕಣದ ಮನೆ, ಮುಂದೊಂದು ಬೇವಿನ ಮರ, ಮರದ ಮಗ್ಗುಲಿಗೆ ತಗಡಿನ ಷೆಡ್ಡು. ಆ ಷೆಡ್ಡಿನ ಕಟ್ಟೆಯ ಮೇಲೆ ಕಂಬಳಿ ಹಾಸಿಕೊಂಡು ಪರಮಪೂಜ್ಯ ಶಾಂತಮಲ್ಲಜ್ಜನವರು ಕುಳಿತಿರುತ್ತಿದ್ದರು. ಪೂರ್ವಾಶ್ರಮದಲ್ಲಿ ಅವರು ಕಬ್ಬಿಣ ಬಡಿದು ಬದುಕಿದವರು. ಕಾವಿ ಧರಿಸಿದ ಮೇಲೂ ಕುಲುಮೆಯ ನಂಟನ್ನು ಬಿಡಲಿಲ್ಲ. ಸುತ್ತಿಗೆ, ಇಕ್ಕಳ, ಕಬ್ಬಿಣ ಇಟ್ಟು ಬಡಿಯುವ ಅಡಿಗಲ್ಲು, ಕೈಯಿಂದ ತಿರುವುವ ಒಂದು ಡ್ರಿಲ್ ಯಂತ್ರ, ಎಲ್ಲವೂ ಆ ಷೆಡ್ಡಿನಲ್ಲಿದ್ದವು; ಊರವರು ಯಾರು ಬೇಕಾದರೂ ಬಂದು ತಮ್ಮ ಕೆಲಸ ಮಾಡಿಕೊಂಡು ಹೋಗಬಹುದಿತ್ತು. ಎಂಬತ್ತು ದಾಟುವ ಹೊತ್ತಿಗೆ ಅಜ್ಜನವರ ಎರಡೂ ಕಣ್ಣು ಪೂರ್ತಿ ಹೋಗಿದ್ದವು. "ಹೋಗ್ಲಿ ಬಿಡ್ರಿ, ಕೆಂಡ ನೋಡಿ ನೋಡಿ ದಣಿದಿದ್ವು" ಎಂದು ನಕ್ಕು ಸುಮ್ಮನಾಗಿದ್ದರಂತೆ ಆ ಮಹಾನುಭಾವರು.

ಆ ಬೇಸಿಗೆಯಲ್ಲಿ ಷೆಡ್ಡಿಗೆ ಬಂದವನು ಮಾನಪ್ಪ ಕಮ್ಮಾರ. ಊರ ಕೆರೆಯ ಹಳೆಯ ತೂಬು ಕೊಳೆತು ಹೋಗಿತ್ತು. ಹೊಸ ಬಾಗಿಲು ಕೂಡಿಸಲು ಕಲ್ಲಿನ ಚೌಕಟ್ಟಿನಲ್ಲಿ ಸೀಸ ಹೊಯ್ದು ಹನ್ನೆರಡು ಬೋಲ್ಟುಗಳನ್ನು ನಿಲ್ಲಿಸಿದ್ದರು. ಬಾಗಿಲನ್ನು ಹಿಡಿಯುವ ಕಬ್ಬಿಣದ ಪ್ಲೇಟಿಗೆ ಅವೇ ಹನ್ನೆರಡು ಜಾಗದಲ್ಲಿ ತೂತು ಕೊರೆಯಬೇಕು. ಕೊರೆದದ್ದು ಬೋಲ್ಟುಗಳಿಗೆ ಸರಿಯಾಗಿ ಕೂತರೆ ಮುಂಗಾರಿನ ನೀರು ಕೆರೆಯಲ್ಲಿ ನಿಲ್ಲುತ್ತದೆ, ಕೂರದಿದ್ದರೆ ಹಳ್ಳದ ಪಾಲು. ಇಂಥ ಕೆಲಸಕ್ಕೆ ಮಾನಪ್ಪನನ್ನು ಬಿಟ್ಟರೆ ಸುತ್ತ ಹತ್ತು ಹಳ್ಳಿಗೆ ಇನ್ನೊಬ್ಬರಿರಲಿಲ್ಲ.

ಮಾನಪ್ಪನಿಗೆ ಇದು ಗೊತ್ತಿತ್ತು. ತುಸು ಜಾಸ್ತಿಯೇ ಗೊತ್ತಿತ್ತು ಎನ್ನಬೇಕು. ತೂತು ಬೀಳಬೇಕಾದ ಜಾಗಕ್ಕೆ ಮೊದಲು ಒಂದು ಚುಕ್ಕಿ ಹೊಡೆಯುತ್ತಾರಲ್ಲ, ಬೆರಳುದ್ದದ ಉಕ್ಕಿನ ಪಂಚು ಇಟ್ಟು, ಆ ಚುಕ್ಕಿಯನ್ನು ಒಂದೇ ಏಟಿಗೆ ಹೊಡೆಯುವುದು ಅವರ ಮನೆತನದ ಪದ್ಧತಿ. ಎರಡನೇ ಏಟು ಹಾಕುವವನು ಕಮ್ಮಾರನೇ ಅಲ್ಲ ಎಂದು ಅವನ ಅಪ್ಪ ಹೇಳಿಕೊಟ್ಟಿದ್ದ. ಊರಲ್ಲಿ ಅವನಿಗಿದ್ದ ಹೆಸರೇ "ಒಂದೇ ಏಟಿನ ಮಾನಪ್ಪ". ಮಠ, ಸ್ವಾಮಿಗಳು ಎಂದರೆ ಅವನಿಗೆ ಅಷ್ಟಕ್ಕಷ್ಟೇ. ಹೆಂಡತಿ ನೀಲವ್ವ ಸೋಮವಾರ ಸೋಮವಾರ ಅಜ್ಜನವರ ದರ್ಶನಕ್ಕೆ ಹೊರಟರೆ, "ಕುಲುಮಿ ಬಿಟ್ಟು ಕುಂತವರ ಕಾಲಿಗೆ ಬೀಳಾಕ ಹೊಂಟಿ ಏನು? ಇಲ್ಲೇ ಬೀಳು, ಕುಲುಮಿ ಬಿಡದವ ನಾ ಇದ್ದೀನಿ" ಎಂದು ಛೇಡಿಸುತ್ತಿದ್ದ. ಆಕೆ ಸೆರಗು ಸರಿಮಾಡಿಕೊಂಡು ಹೋಗುತ್ತಿದ್ದಳು. ಈಗಲೂ ಅವನು ಮಠಕ್ಕೆ ಬಂದದ್ದು ಡ್ರಿಲ್ ಯಂತ್ರಕ್ಕಾಗಿ, ಅಜ್ಜನವರಿಗಾಗಿ ಅಲ್ಲ.

ಮೊದಲನೇ ಪ್ಲೇಟು ಕೆಟ್ಟಿತು. ಹನ್ನೆರಡರಲ್ಲಿ ಐದು ತೂತು ಜೋಳದ ಕಾಳಿನಷ್ಟು ಸರಿದಿದ್ದವು. ಮಾನಪ್ಪ ಕಬ್ಬಿಣವನ್ನು ಬೈದ. ಎರಡನೇ ಪ್ಲೇಟಿಗೆ ಕೂರುವ ಮೊದಲು ತನ್ನ ಪಂಚನ್ನು ಸಾಣೆಗೆ ಹಿಡಿದು ಇನ್ನಷ್ಟು ಚೂಪು ಮಾಡಿದ. ವಯಸ್ಸು ಐವತ್ತೆಂಟು, ಗೆರೆಗಳು ಕಣ್ಣಿಗೆ ಮಂಜಾಗುತ್ತಿದ್ದವು. ಮೊನೆ ಸಣ್ಣದಾದಷ್ಟೂ ಗುರಿ ನೆಟ್ಟಗಾಗುತ್ತದೆ ಎಂಬುದು ಅವನ ಲೆಕ್ಕ. ಆದರೆ ಎರಡನೆಯದರಲ್ಲಿ ಏಳು ತೂತು ಸರಿದವು. ಊರ ಹಿರಿಯರಾದ ಬಾಪುಗೌಡರು ಬಂದು ನೋಡಿದರು. ಅವರು ಕೆಟ್ಟ ಮಾತಾಡುವವರಲ್ಲ. "ಮಾನಪ್ಪ, ಇನ್ನ ಒಂದ ಪ್ಲೇಟು ಉಳಿದೈತಿ. ಇದೂ ಹಿಂಗಾದ್ರ ಪ್ಯಾಟಿಯವರನ್ನ ಕರಸ್ತೀನಿ. ತಪ್ಪು ತಿಳ್ಕೋಬ್ಯಾಡ" ಎಂದಷ್ಟೇ ಹೇಳಿ ಹೊರಟರು.

ಅಷ್ಟು ಸಾಕಾಯಿತು. ಮಾನಪ್ಪ ತನ್ನ ಬಲಗೈಯನ್ನು ಮುಂದೆ ಚಾಚಿ ನೋಡಿಕೊಂಡ. ಬೆರಳ ತುದಿ ನಡುಗುತ್ತಿತ್ತು. ಒಂದು ವರ್ಷದಿಂದ ನಡುಗುತ್ತಿದೆ; ಹೆಂಡತಿಗೂ ಹೇಳಿರಲಿಲ್ಲ. ಕೈ ಹೋಯಿತು, ಇನ್ನು ನಾನು ಕಮ್ಮಾರನಲ್ಲ ಎಂಬ ಮಾತು ಎದೆಯಲ್ಲಿ ಮೂಡಿದ್ದೇ ತಡ, ಗಟ್ಟಿ ಗಂಡಸು ಅಲ್ಲೇ ಪ್ಲೇಟಿನ ಮುಂದೆ ಕುಸಿದು ಕುಳಿತು ಕಣ್ಣೀರು ಹಾಕಿದ. ಉಳಿದ ಮೂರನೇ ಪ್ಲೇಟೂ ಕೆಟ್ಟರೆ ಸುತ್ತಿಗೆಯನ್ನು ಕೆರೆಗೆ ಎಸೆದು ಬಿಡುವುದೆಂದು ಅವನು ಆಗಲೇ ನಿರ್ಧರಿಸಿಯಾಗಿತ್ತು.

ನಾಲ್ಕು ದಿನದಿಂದ ಕಟ್ಟೆಯ ಮೇಲೆ ಕುಳಿತಿದ್ದ ಅಜ್ಜನವರು ಆಗ ಬಾಯಿ ತೆರೆದರು.

"ತಮ್ಮಾ, ಡ್ರಿಲ್ಲು ಕಡಿಯೂ ಮೊದಲ ಅಲೀತೈತಿ. ನಾಕ ದಿನದಿಂದ ಕೇಳಾಕತ್ತೀನಿ."

ಮಾನಪ್ಪ ಸರಕ್ಕನೆ ಕಣ್ಣೊರೆಸಿಕೊಂಡ. ಅಳುವಿನ ಜಾಗಕ್ಕೆ ಸಿಟ್ಟು ಬಂತು. ಕಣ್ಣಿಲ್ಲದ ಮುದುಕರು ತನಗೆ ಕೆಲಸ ಹೇಳಿಕೊಡುವುದೆ? "ಕೇಳಿದ್ರ ಏನ್ ತಿಳೀತೈತ್ರಿ ಅಜ್ಜಾರ, ಇದು ನೋಡಿ ಮಾಡೂ ಕೆಲಸ" ಎಂದ, ಮಾತಿನಲ್ಲಿ ಮುಳ್ಳಿಟ್ಟು.

ಪೂಜ್ಯರು ಕೋಲೂರಿಕೊಂಡು ಇಳಿದು ಬಂದು, ಕೆಟ್ಟ ಪ್ಲೇಟಿನ ಮುಂದೆ ಕುಳಿತು, ಅದರ ಮೇಲೆ ಬೆರಳಾಡಿಸಿದರು. ಮಾನಪ್ಪ ಉದ್ದಕ್ಕೂ ಅಡ್ಡಕ್ಕೂ ಗೀರಿದ ಗೆರೆಗಳನ್ನು ಉಗುರಿನಿಂದ ಮುಟ್ಟಿದರು. ತೂತಿನ ಅಂಚನ್ನು ಮುಟ್ಟಿದರು. ಮತ್ತೆ ಗೆರೆಗೆ ಬಂದರು. "ಗೆರಿ ಸರಿ ಅದಾವ. ಅಳತಿ ಸರಿ ಐತಿ. ನಿನ್ನ ಪಂಚು ಕೊಡು" ಎಂದು ಕೈ ಚಾಚಿದರು. ಕೊಟ್ಟಾಗ ಅದರ ಮೊನೆಯನ್ನು ಹೆಬ್ಬೆರಳಿಗೆ ಒತ್ತಿ ನೋಡಿ ಮುಗುಳ್ನಕ್ಕರು.

"ಕೈ ಹೋಗಿಲ್ಲೋ ಮಾನಪ್ಪ. ಇದರ ಚುಕ್ಕಿ ಸೂಜಿ ಚುಚ್ಚಿದಂಗ ಬೀಳ್ತೈತಿ. ಡ್ರಿಲ್ಲಿನ ಮೂತಿ ಅದಕ್ಕಿಂತ ಅಗಲ. ಕುಂದ್ರಾಕ ಜಾಗ ಇಲ್ಲದ್ದಕ್ಕ ಅಲೀತೈತಿ."

ಮಾನಪ್ಪ ಬೆಪ್ಪಾಗಿ ನಿಂತ. ತಾನು ಯಾರಿಗೂ ಹೇಳದೆ ಬಚ್ಚಿಟ್ಟ ಭಯಕ್ಕೆ ಈ ಮಹಾತ್ಮರು ಉತ್ತರ ಕೊಟ್ಟಿದ್ದರು! ಆಮೇಲೆ ಚುಕ್ಕಿಯ ಮಾತು ತಲೆಗೆ ಹೊಕ್ಕಿತು. ತೂತು ಸರಿಯಿತೆಂದು ಮೊನೆ ಚೂಪು ಮಾಡಿದ್ದು, ಚೂಪು ಮಾಡಿದ್ದಕ್ಕೆ ಮತ್ತಷ್ಟು ಸರಿದದ್ದು, ಎಲ್ಲ ಒಂದೊಂದಾಗಿ ಕಣ್ಣ ಮುಂದೆ ಬಂತು.

ಅಜ್ಜನವರು ಒಳಗೆ ಹೋಗಿ, ದೇವರ ಮಾಡದಿಂದ ಇನ್ನೊಂದು ಪಂಚನ್ನು ತಂದರು. ವಿಭೂತಿ ಮೆತ್ತಿದ ಹಳೆಯ ಪಂಚು. ಅದರ ಮೊನೆ ಅಗಲವಾಗಿ, ಮೊಂಡಾಗಿತ್ತು. ಪೂರ್ವಾಶ್ರಮದಲ್ಲಿ ಅವರ ಅನ್ನ ಹುಟ್ಟಿಸಿದ ಪಂಚು ಅದು. ಅದನ್ನು ಬದಿಗಿಟ್ಟು, ಮಾನಪ್ಪನ ಚೂಪು ಪಂಚನ್ನೇ ಕೈಗೆ ತೆಗೆದುಕೊಂಡು ಮೂರನೆಯ ಪ್ಲೇಟಿನ ಮುಂದೆ ಕುಳಿತರು. ಗೆರೆಗಳನ್ನು ಮಾನಪ್ಪ ಬೆಳಗಿನಲ್ಲೇ ಗೀರಿಟ್ಟಿದ್ದ. ಒಂದು ಗೆರೆಯ ಗೀರಿನೊಳಗೆ ಮೊನೆಯನ್ನಿಟ್ಟು, ಕಿರುಬೆರಳನ್ನು ಪ್ಲೇಟಿಗೆ ಊರಿ, ಪಂಚನ್ನು ತುಸು ವಾಲಿಸಿಕೊಂಡು ಮೆಲ್ಲಗೆ ಜಾರಿಸುತ್ತ ಹೋದರು. ಅಡ್ಡಗೆರೆ ಬಂದು ಕೂಡುವಲ್ಲಿ ಮೊನೆ ತಾನಾಗಿ ಟಕ್ಕನೆ ಇಳಿದು ನಿಂತಿತು. ಪಂಚನ್ನು ನೆಟ್ಟಗೆ ಮಾಡಿ, ಬಾಗಿಲು ತಟ್ಟುವಷ್ಟು ಹಗುರಾಗಿ ಒಮ್ಮೆ ಸುತ್ತಿಗೆ ತಾಕಿಸಿದರು.

ಮಾನಪ್ಪ ಬಗ್ಗಿ, ಕಣ್ಣು ಕಿರಿದು ಮಾಡಿ ನೋಡಿದ. ಚುಕ್ಕಿ ಎರಡು ಗೆರೆ ಕೂಡಿದ ನಟ್ಟನಡುವೆ ಬಿದ್ದಿತ್ತು. ಎರಡೂ ಕಣ್ಣಿಲ್ಲದವರು ಹಾಕಿದ ಚುಕ್ಕಿ!

"ಉಳಿದದ್ದು ನೀ ಹಾಕು. ಕಣ್ಣು ಮುಚ್ಚು" ಎಂದರು ಅಜ್ಜನವರು.

ಕಣ್ಣು ಮುಚ್ಚಿದಾಗ ಮೊದಲು ಅವನಿಗೆ ತನ್ನ ಕೈಯ ನಡುಕವೇ ಕಂಡಿತು. ಆದರೆ ಕಿರುಬೆರಳು ಕಬ್ಬಿಣಕ್ಕೆ ಊರಿದೊಡನೆ ನಡುಕಕ್ಕೆ ಆಟವಾಡಲು ಜಾಗವಿಲ್ಲದಾಯಿತು. ಮೊನೆ ಗೀರಿನಲ್ಲಿ ಹರಿಯಿತು, ಟಕ್ಕೆಂದಿತು, ನಿಂತಿತು. ಎರಡು, ಮೂರು, ನಾಲ್ಕು. ಮಠಕ್ಕೆ ಬಂದಿದ್ದ ನೀಲವ್ವ ಬೇವಿನ ಮರದಡಿ ನೋಡುತ್ತ ನಿಂತಿದ್ದಳು. ಏಳನೆಯದಕ್ಕೆ ಹಳೆಯ ಚಾಳಿ ಎದ್ದುಬಂತು. ಮೊನೆ ನಿಲ್ಲುವ ಮೊದಲೇ ಮಾನಪ್ಪ ಏಟು ಹಾಕಿದ. ಕಣ್ಣು ತೆರೆದು ನೋಡಿದರೆ ಚುಕ್ಕಿ ಎಳ್ಳಿನಷ್ಟು ಆಚೆ ಬಿದ್ದಿತ್ತು.

"ಮುಗೀತ್ರಿ ಅಜ್ಜಾರ. ಇದೂ ಹೋತು" ಎಂದು ಸುತ್ತಿಗೆ ಕೆಳಗಿಟ್ಟ. ಧ್ವನಿ ಒಡೆದಿತ್ತು.

"ಹಗುರ ಹಾಕೀಯಲ್ಲ?"

"ಹೌದ್ರಿ."

"ಮತ್ಯಾಕ ಅಳ್ತಿ? ಹಗುರ ಏಟು ತಿದ್ದಾಕ ಬರ್ತೈತಿ. ಪಂಚು ಅದ ಚುಕ್ಕಿಯೊಳಗ ಇಟ್ಟು ವಾಲ್ಸು. ಮೊನಿ ಗೆರಿ ಕಡೆ ಇರ್ಲಿ. ಮೆಲ್ಲಕ ತಟ್ಟು, ಬರ್ತೈತಿ."

ಮಾನಪ್ಪ ಹಾಗೆಯೇ ಮಾಡಿದ. ಒಂದು ಸಲ ತಟ್ಟಿದ, ಎರಡು ಸಲ ತಟ್ಟಿದ. ಐವತ್ತೆಂಟು ವರ್ಷದ ಬಾಳಿನಲ್ಲಿ ಅವನು ಒಂದು ಚುಕ್ಕಿಗೆ ಎರಡನೇ ಏಟು ಹಾಕಿದ್ದು ಅದೇ ಮೊದಲು. ದಾರಿ ತಪ್ಪಿದ್ದ ಚುಕ್ಕಿ ಮೆಲ್ಲನೆ ತೆವಳಿ ಗೆರೆಗಳ ನಡುವಿಗೆ ಬಂದು ಸೇರಿತು. ಅಪ್ಪ ಕಲಿಸಿದ ಹೆಮ್ಮೆ ಆ ಎರಡನೇ ಏಟಿಗೇ ಹೊರಟುಹೋಯಿತು, ಹೋದದ್ದಕ್ಕೆ ಅವನಿಗೆ ಒಂದಿಷ್ಟೂ ನೋವಾಗಲಿಲ್ಲ. ಇಷ್ಟು ಹಗುರ ಮೊದಲೆಂದೂ ಆಗಿರಲಿಲ್ಲ ಅನ್ನಿಸಿತು.

ಹನ್ನೆರಡೂ ಮುಗಿದ ಮೇಲೆ ಅಜ್ಜನವರು ಮೊಂಡು ಪಂಚನ್ನು ಅವನ ಅಂಗೈಯಲ್ಲಿಟ್ಟರು. "ಚೂಪಿಂದು ಗುರಿ ಹುಡುಕಿಕೊಟ್ತು. ಇನ್ನ ಇದು ಜಾಗ ಮಾಡಿಕೊಡ್ತೈತಿ. ಈಗ ಹೊಡಿ, ನಿಮ್ಮಪ್ಪ ಹೊಡದಂಗ."

ಮಾನಪ್ಪ ಒಂದೊಂದು ಚುಕ್ಕಿಯ ಮೇಲೂ ಆ ಪಂಚನ್ನು ನೆಟ್ಟಗೆ ನಿಲ್ಲಿಸಿ ತುಂಬುತೋಳಿನ ಒಂದೊಂದೇ ಏಟು ಹಾಕಿದ. ಸೂಜಿಯ ಗುರುತುಗಳೆಲ್ಲ ಪುಟ್ಟ ಬಟ್ಟಲುಗಳಾದವು. ಡ್ರಿಲ್ಲಿನ ಮೂತಿ ಒಂದೊಂದು ಬಟ್ಟಲಿಗೂ ಇಳಿದು ಕೂತು, ಅಲೆಯದೆ, ಕಿರುಚದೆ, ಕಬ್ಬಿಣದ ಸುರುಳಿ ಬಿಚ್ಚುತ್ತ ಕೊರೆಯಿತು. ಅಜ್ಜನವರು ಕಟ್ಟೆಯ ಮೇಲೆ ಕುಳಿತು ಆ ಸದ್ದನ್ನು ಭಜನೆ ಕೇಳುವಂತೆ ತಲೆದೂಗಿ ಕೇಳಿದರು.

ಮರುದಿನ ಬೆಳಿಗ್ಗೆ ಊರಿಗೆ ಊರೇ ಕೆರೆಯಂಗಳದಲ್ಲಿ ನೆರೆದಿತ್ತು. ಎಂಟು ಮಂದಿ ಪ್ಲೇಟನ್ನು ಹೊತ್ತು ತೂಬಿನ ಕಲ್ಲಿಗೆ ತಂದರು. ಪ್ಲೇಟು ಬೋಲ್ಟುಗಳಿಗೆ ಮುಖಕೊಟ್ಟಿತು, ಒಂದು ಕ್ಷಣ ತಡೆಯಿತು, ಆಮೇಲೆ ಝಣ್ಣೆಂದು ಕಲ್ಲಿಗೆ ಹೋಗಿ ಕೂತಿತು. ಹನ್ನೆರಡು ತೂತಿನಿಂದ ಹನ್ನೆರಡು ಬೋಲ್ಟು ತಲೆ ಹೊರಗೆ ಹಾಕಿ ನಿಂತವು! ಒಂದಕ್ಕೂ ಅರ ಹಿಡಿಯಬೇಕಾಗಲಿಲ್ಲ, ಒಂದನ್ನೂ ಬಡಿಯಬೇಕಾಗಲಿಲ್ಲ. ಬಾಪುಗೌಡರು ಮಾನಪ್ಪನನ್ನು ಬಾಚಿ ತಬ್ಬಿಕೊಂಡರು. "ಪ್ಯಾಟಿಯವರಿಗೆ ಬರಬ್ಯಾಡ್ರಿ ಅಂತ ಹೇಳಿ ಕಳಸ್ರೋ!" ಎಂದು ಯಾರೋ ಕೂಗಿದರು. ಜನ ಕೇಕೆ ಹಾಕಿದರು. ಆ ಗದ್ದಲದ ನಡುವೆ "ಶಾಂತಮಲ್ಲಜ್ಜ ಮಹಾರಾಜ ಕೀ..." ಎಂದು ಒಂದು ಒಡಕು ಧ್ವನಿ ಎದ್ದಿತು. ನೀಲವ್ವ ತಿರುಗಿ ನೋಡಿದರೆ, ಕೂಗಿದವನು ಅವಳ ಗಂಡ. "ಜೈ!" ಎಂದಿತು ಊರು. ಎಂಟು ದಿನಕ್ಕೆ ಮುಂಗಾರು ಸುರಿದು, ಕೆರೆಯಲ್ಲಿ ನೀರು ನಿಂತಿತು.

ಪ್ಲೇಟು ಕೂತ ದಿನ ಮಾನಪ್ಪ ಕೆರೆಯಿಂದ ಮನೆಗೆ ಹೋಗಲಿಲ್ಲ. ನೇರವಾಗಿ ಮಠಕ್ಕೆ ಬಂದು, ಪೂಜ್ಯರ ಪಾದದ ಮೇಲೆ ಹಣೆಯಿಟ್ಟ. ಎರಡೂ ಪಂಚುಗಳನ್ನು ಮುಂದಿಟ್ಟು, "ಮೊಂಡು ಪಂಚು ನಿಮ್ಮದು, ತಗೋರಿ. ಚೂಪಿಂದು ಒಗದುಬಿಡ್ತೀನ್ರಿ, ನನ್ನ ಮಾನ ತಗೀತಿತ್ತು ಇದು" ಎಂದ.

ಅಜ್ಜನವರು ಎರಡನ್ನೂ ತಡವಿ ಹಿಡಿದು, ಅವನ ಕೈಯಲ್ಲೇ ಜೋಡಿಯಾಗಿಟ್ಟು ಮುಚ್ಚಿದರು. "ಅದರದೇನು ತಪ್ಪು? ಒಂಟಿಯಾಗಿತ್ತು, ಅಷ್ಟ."

ಆ ಮೊಂಡು ಪಂಚನ್ನು ಮಾನಪ್ಪ ಕಡೆಯವರೆಗೂ ಅಜ್ಜನವರ ಪ್ರಸಾದವೆಂದೇ ಬಳಸಿದ. ಇನ್ನೂ ಹದಿನಾರು ವರ್ಷ ಕೆಲಸ ಮಾಡಿದ. ಒಂದೇ ಏಟಿನ ಮಾನಪ್ಪ ಎಂದು ಯಾರಾದರೂ ಕರೆದರೆ, "ಎರಡು ಏಟಿನ ಮಾನಪ್ಪ ಅನ್ರಿ" ಎಂದು ತಿದ್ದುತ್ತಿದ್ದ. ಮೊದಲ ಚುಕ್ಕಿ ಹಾಕುವಾಗಲೆಲ್ಲ ಅವನು ಕಣ್ಣು ಮುಚ್ಚಿಕೊಳ್ಳುವುದನ್ನು ಕಂಡು, ಹೊಸಬರು ಯಾರೋ ಗಾಬರಿಯಾಗಿ ಕೇಳಿದರಂತೆ, ನೋಡದೆ ಹೊಡೆದರೆ ತಪ್ಪುವುದಿಲ್ಲವೆ ಎಂದು.

"ನಾ ನೋಡದಿದ್ರ ಏನಾತ್ರಿ," ಎಂದನಂತೆ ಮಾನಪ್ಪ, ಮೊನೆಯನ್ನು ಗೀರಿನಲ್ಲಿ ಜಾರಿಸುತ್ತ, "ಅಜ್ಜಾರು ನೋಡಾಕತ್ತಾರಲ್ಲ."