ಮಲ್ಲಿಗೆಯ ಪಕ್ಕದ ಜಾಗ

"ಬುದ್ಧಿ, ಖಾಲಿಯಾದ ಜಾಗಕ್ಕೆ ಎಂಥವರನ್ನು ತರಬೇಕು?" ಎಂದು ಶಿಷ್ಯ ಮರುಳಯ್ಯ ಮಠದ ಗುರುಗಳನ್ನು ಕೇಳಿದ.

ಹನ್ನೆರಡು ವರ್ಷ ಅವನ ಜೊತೆ ಒಂದೇ ಕೋಣೆಯಲ್ಲಿದ್ದು ಓದಿದ್ದ ಗದಿಗೆಯ್ಯ ಹೋದ ತಿಂಗಳು ತೀರಿಕೊಂಡಿದ್ದ. ಆ ಜಾಗ ಕೇಳಿಕೊಂಡು ಇಬ್ಬರು ಬಂದಿದ್ದರು. ಒಬ್ಬ ಮರುಳಯ್ಯ ಅಂದದ್ದಕ್ಕೆಲ್ಲ ಹೂಂಗುಟ್ಟುವವನು; ಹಾಡಲು ಕೂತರೆ ಇಬ್ಬರ ದನಿಯೂ ಒಂದೇ ಆಗುತ್ತಿತ್ತು. ಇನ್ನೊಬ್ಬ ಮಾತುಮಾತಿಗೂ ಅಡ್ಡ ಬರುವವನು. ಒಬ್ಬನನ್ನು ಇರಿಸಿಕೊಂಡು ಇನ್ನೊಬ್ಬನನ್ನು ನಾಳೆಯೇ ಕಳಿಸಬೇಕಿತ್ತು. ಗೆಳೆಯ ಹೋದ ದುಃಖ ಇನ್ನೂ ಆರಿರಲಿಲ್ಲ, ಅದರ ಮೇಲೆ ಈ ದಿಗಿಲು.

ಗುರುಗಳು ಕಣ್ಣು ಅರೆಮುಚ್ಚಿ ಹೇಳತೊಡಗಿದರು.

ಒಂದೂರಿನಲ್ಲಿ ಒಬ್ಬ ಹೂಗಾರನಿದ್ದ. ಮಲ್ಲಿಗೆಯ ಕಾಲದಲ್ಲಿ ಊರ ಗುಡಿಯ ದೇವರಿಗೆ ದಿನಕ್ಕೊಂದು ಹಾರ ಕಟ್ಟಿಕೊಡುವುದು ಅವನ ಮನೆತನದ ಸೇವೆ. ಹೂವು ಕಟ್ಟುವವನ ಸ್ವಂತ ಪಾತಿಯದೇ ಆಗಬೇಕು, ಕೊಂಡು ತಂದದ್ದು ಸಲ್ಲದು ಎಂಬುದು ಆ ಗುಡಿಯ ಕಟ್ಟಳೆ. ಬೆಳಗಿನಿಂದ ಸಂಜೆಯವರೆಗೂ ಬಿಸಿಲು ಬೀಳುವ ಅವನ ಪಾತಿಯಲ್ಲಿ ಒಂದು ವರ್ಷ ನಡುವಿನ ಮಲ್ಲಿಗೆ ಗಿಡ ಒಣಗಿಹೋಯಿತು. ಬರಿದಾದ ನೆಲ ಕಾದು ಬಿರುಕುಬಿಟ್ಟಿತು. ಬಿರುಕು ಅಕ್ಕಪಕ್ಕದ ಗಿಡಗಳ ಬುಡದತ್ತ ಸಾಗಿತು. ಅಲ್ಲಿ ಏನಾದರೂ ನೆಡಲೇಬೇಕಾಯಿತು.

ಪಕ್ಕದ ಮನೆಯ ಮುದುಕಿ ಒಂದು ಹಿಡಿ ಚೆಂಡುಹೂವಿನ ಸಸಿ ತಂದಳು.

"ಇದನ್ನು ನೆಡಪ್ಪ. ಬಿಸಿಲಿಗೆ ಅಂಜುವುದಿಲ್ಲ, ನೀರಿಗೆ ಗೋಗರೆಯುವುದಿಲ್ಲ" ಅಂದಳು.

"ಮಲ್ಲಿಗೆಯ ಪಕ್ಕ ಚೆಂಡುಹೂವೇ? ಇದರ ಘಾಟು ನನ್ನ ದಾರದ ಹತ್ತಿರವೂ ಸುಳಿಯಬಾರದು ಕಣಮ್ಮ" ಎಂದು ಅವನು ನಕ್ಕುಬಿಟ್ಟ.

ಆ ಮಧ್ಯಾಹ್ನ ಅವನು ಪಾತಿಯ ಬದಿಯಲ್ಲಿ ಕೂತಿದ್ದ. ಬಿಸಿಲಿಗೆ ಕಣ್ಣು ಎಳೆಯಿತು. ಅರೆನಿದ್ದೆಯಲ್ಲಿ ಪಾತಿ ಮೆಲ್ಲಗೆ ನೆಲದಿಂದ ಎದ್ದು ಹಾರವಾಯಿತು. ಬಿಳುಪು, ಬಿಳುಪು, ನಡುವೆ ಒಂದಿಷ್ಟು ಹಸಿರು. ಹಸಿರಿನಿಂದ ಮರುಗದ ಪರಿಮಳ ಬಂತು. ಅವನ ಬೆರಳುಗಳು ತಾವಾಗಿಯೇ ಗಂಟು ಹಾಕುತ್ತಿದ್ದವು. ಎಚ್ಚರವಾದಾಗ ಅವನಿಗೆ ಹಿಗ್ಗೋ ಹಿಗ್ಗು. ಮಲ್ಲಿಗೆಗೆ ಮರುಗಕ್ಕಿಂತ ಒಳ್ಳೆಯ ಜೊತೆ ಇನ್ನಾವುದಿದೆ? ಅಜ್ಜನ ಕಾಲದಿಂದಲೂ ಎರಡನ್ನೂ ಒಂದೇ ದಾರದಲ್ಲಿ ಕಟ್ಟಿದ ಕೈ ತನ್ನದು. ಅಂದೇ ಹೋಗಿ ಮರುಗದ ಸಸಿ ತಂದು ನೆಟ್ಟ.

ಮರುಗ ಮೆತ್ತನೆಯ ಜೀವ. ಏರುಬಿಸಿಲಿಗೆ ತಲೆ ಬಾಗಿಸಿತು. ಅಯ್ಯೋ ಪಾಪ ಎಂದು ಅವನು ದಿನಕ್ಕೆರಡು ಸಲ ನೀರು ಹಾಕಿದ. ಮರುಗ ಚೇತರಿಸಿಕೊಂಡಿತು. ಆ ನೀರನ್ನು ಮಲ್ಲಿಗೆಯೂ ಕುಡಿಯಿತು. ಮೊಗ್ಗು ಕಟ್ಟುವ ಮುನ್ನ ಮಲ್ಲಿಗೆಯ ಬುಡ ಕೆಲವು ದಿನ ಒಣಗಬೇಕು. ಅದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಆದರೂ ಬಾಡಿದ ಮರುಗವನ್ನು ನೋಡಲು ಮನಸ್ಸು ಒಪ್ಪಲಿಲ್ಲ. ಮಲ್ಲಿಗೆ ಎಲೆಯ ಮೇಲೆ ಎಲೆ ಹೊಡೆಯಿತು. ನೋಡಿದವರು ಗಿಡ ಎಷ್ಟು ಸೊಂಪಾಗಿದೆ ಅಂದರು.

ಮಲ್ಲಿಗೆಯ ಕಾಲ ಬಂತು. ಮೊಗ್ಗು ಬರಲಿಲ್ಲ. ಹೂಗಾರ ನೆನೆಸಿದ ದಾರ ಕೈಯಲ್ಲಿ ಹಿಡಿದುಕೊಂಡು ಪಾತಿಯ ಮುಂದೆ ನಿಂತು ಅತ್ತ. ಸೇವೆ ಬೇರೆ ಮನೆಗೆ ಹೋಯಿತು.

ಆಮೇಲೆ ಅವನು ಮರುಗವನ್ನು ಬಾವಿಯ ನೆರಳಿಗೆ ಸಾಗಿಸಿ, ಮುದುಕಿಯ ಮನೆಗೆ ಹೋಗಿ ಸಸಿ ಕೇಳಿದ. ಮರುವರ್ಷ ಚೆಂಡುಹೂವಿನ ಪಕ್ಕದಲ್ಲೇ ಮಲ್ಲಿಗೆ ಗಿಡದ ತುಂಬ ಬಿರಿಯಿತು. ಸೇವೆ ಮಾತ್ರ ಮರಳಿ ಬರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಮರುಳಯ್ಯನಿಗೆ ಸಮಾಧಾನವಾಗಲಿಲ್ಲ.

"ಆದರೆ ಬುದ್ಧಿ, ಹಾರದಲ್ಲಿ ಮಲ್ಲಿಗೆ, ಮರುಗ ಎರಡೂ ಅಷ್ಟು ಚೆನ್ನಾಗಿ ಹೊಂದಿಕೊಂಡಿದ್ದವಲ್ಲ?"

ಗುರುಗಳು ಕಣ್ಣು ತೆರೆದು ಅಂದರು:

"ಕಿತ್ತ ಹೂವಿಗೆ ಬಾಯಾರಿಕೆ ಎಲ್ಲಿಯದು, ಮರುಳಯ್ಯ?"